ಸಾಗರದಲ್ಲಿ ಕುಳಿತು ಕೆನಡಿ ಹತ್ಯೆಯ ದಾಖಲೆಗಳನ್ನು ಓದಿದ ಬಗೆ

ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಅವರ ಹತ್ಯೆಗೆ ಸಂಬಂಧಿಸಿದ ಸರ್ಕಾರಿ ದಾಖಲೆಗಳ ದೊಡ್ಡ ಕಂತು 2025ರ ಮಾರ್ಚ್ 18ರಂದು ಅಂತರ್ಜಾಲಕ್ಕೆ ಬಂತು. ನನ್ನ ಹಳೆಯ ವಿದ್ಯಾರ್ಥಿಗಳೆಲ್ಲರದೂ ಒಂದೇ ಪ್ರಶ್ನೆ: "ಸರ್, ಕೊಂದವರು ಯಾರೆಂದು ಗೊತ್ತಾಯಿತೇ?" ಸಾಗರದ ಸುತ್ತಮುತ್ತ ಪದವಿಪೂರ್ವ ಕಾಲೇಜುಗಳಲ್ಲಿ ಇತಿಹಾಸ ಹೇಳಿಕೊಟ್ಟವನು ನಾನು. ಓದದೆ ಉತ್ತರ ಕೊಡುವಂತಿಲ್ಲ. ಹಾಗಾಗಿ ಓದಲು ಕುಳಿತೆ. ಓದು ಇನ್ನೂ ನಡೆದಿದೆ. ಆದರೆ ಓದುವ ಬಗೆ ಕೈಗೆ ಹತ್ತಿದೆ. ಇಂಥದ್ದನ್ನು ಮಾಡಬೇಕೆನ್ನುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ಕಾಗದಗಳು ಯಾರೊಬ್ಬರ ಕೃಪೆಯಿಂದಲೂ ಹೊರಬಂದವಲ್ಲ ಎಂಬುದು. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಗುಂಡೇಟಿಗೆ ಬಲಿಯಾದರು. ಲೀ ಹಾರ್ವಿ ಆಸ್ವಾಲ್ಡ್ ಒಬ್ಬನದೇ ಕೃತ್ಯವೆಂದು ತನಿಖೆಗೆ ನೇಮಕವಾಗಿದ್ದ ವಾರನ್ ಆಯೋಗ ಮರುವರ್ಷ ಹೇಳಿತು. 1979ರಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯ ಸಮಿತಿ, ಒಳಸಂಚು ಇದ್ದಿರುವ ಸಂಭವವೇ ಹೆಚ್ಚೆಂದಿತು. ಜನರ ಸಂಶಯ ತಣಿಯಲಿಲ್ಲ. ಕೊನೆಗೆ 1992ರಲ್ಲಿ ಈ ಒಂದು ಹತ್ಯೆಗೆಂದೇ ಕಾಯಿದೆಯಾಯಿತು. ಯಾವ ಇಲಾಖೆಯಲ್ಲಿದ್ದರೂ ಸರಿ, ಸಂಬಂಧಪಟ್ಟ ದಾಖಲೆಗಳೆಲ್ಲ ರಾಷ್ಟ್ರೀಯ ಪತ್ರಾಗಾರಕ್ಕೆ ಬರಬೇಕು, 25 ವರ್ಷಗಳಲ್ಲಿ ತೆರೆದುಕೊಳ್ಳಬೇಕು. 2017ರ ಅಕ್ಟೋಬರ್ 26 ಗಡುವಾಗಿತ್ತು. ಎರಡೂ ಪಕ್ಷಗಳ ಅಧ್ಯಕ್ಷರು ಅದನ್ನು ಮುಂದೂಡಿದರು. ಆದರೂ 50 ಲಕ್ಷಕ್ಕೂ ಹೆಚ್ಚು ಪುಟಗಳ ಆ ಸಂಗ್ರಹದಲ್ಲಿ ಬಹುಪಾಲು 1990ರ ದಶಕದಲ್ಲಿಯೇ ತೆರೆದಿತ್ತು. 2025ರಲ್ಲಿ ಬಂದದ್ದರಲ್ಲಿ ಹೆಚ್ಚಿನವು, ಹಿಂದೆ ಅಲ್ಲಲ್ಲಿ ಸಾಲುಗಳನ್ನು ಮುಚ್ಚಿ ಪ್ರಕಟಿಸಿದ್ದ ಕಾಗದಗಳೇ. ಇದನ್ನು ಅರಿಯದೆ ಓದಹೊರಟರೆ, ಹತ್ತಾರು ವರ್ಷಗಳಿಂದ ಎಲ್ಲರಿಗೂ ಗೊತ್ತಿರುವ ಸಂಗತಿ ಹೊಸ ಶೋಧವೆಂಬಂತೆ ಕಾಣುತ್ತದೆ. ನನಗೆ ಬಂದ ಸಂದೇಶಗಳಲ್ಲಿ ಅರ್ಧಕ್ಕರ್ಧ ಅಂಥವೇ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನೆಚ್ಚಿ ಸಂಶೋಧನೆ ಮಾಡಲಾಗದು. ಶಿವಮೊಗ್ಗಕ್ಕೆ ಹೋದಾಗಲೆಲ್ಲ ನೆಂಟರ ಮನೆಯಲ್ಲಿ ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಬರುವುದನ್ನು ರೂಢಿ ಮಾಡಿಕೊಂಡೆ. ಅವೆಲ್ಲ ಸ್ಕ್ಯಾನ್ ಮಾಡಿದ ಚಿತ್ರಗಳು. ಹೆಸರು ಟೈಪಿಸಿ ಹುಡುಕಿದರೆ ಸಿಗುವ ಭರವಸೆಯಿಲ್ಲ. ಕಾರ್ಬನ್ ಪ್ರತಿಗಳಲ್ಲಿ ಅಕ್ಷರ ಮಾಸಿರುತ್ತದೆ. ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡಿ ಓದಬೇಕು.

ಪುಣ್ಯಕ್ಕೆ ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ ಇದೆ. ಮೊದಲು ಮೂರು ಅಂಕಿ, ನಂತರ ಐದು, ಮತ್ತೆ ಐದು. ಮೊದಲ ಮೂರು ಅಂಕಿಗಳು ಕಾಗದ ಎಲ್ಲಿಂದ ಬಂತೆಂದು ಹೇಳುತ್ತವೆ: 104 ಎಂದರೆ ಅಮೆರಿಕದ ಬೇಹುಗಾರಿಕಾ ಸಂಸ್ಥೆ ಸಿಐಎ, 124 ಎಂದರೆ ಅಲ್ಲಿನ ಕೇಂದ್ರ ತನಿಖಾ ದಳ ಎಫ್‌ಬಿಐ, 180 ಎಂದರೆ ಕೆಳಮನೆಯ ಸಮಿತಿ. ಮೇಲಿನ ಗುರುತಿನ ಹಾಳೆಯಲ್ಲಿ ಬರೆದವರು, ಯಾರಿಗೆ, ದಿನಾಂಕ, ಪುಟಗಳೆಷ್ಟು, ಕಡೆಯ ಬಾರಿ ಪರಿಶೀಲಿಸಿದ್ದು ಯಾವಾಗ ಎಂಬ ವಿವರಗಳಿರುತ್ತವೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಟ್ಟೆಯ ಮೇಲೆ ಬರೆದ ಕಡತಗಳನ್ನು ಓದುವಾಗ ನಾನು ಮೊದಲು ನೋಡುತ್ತಿದ್ದದ್ದು ಯಾರ ಕೈಬರಹ, ಯಾರ ಮುದ್ರೆ, ಅಂಚಿನಲ್ಲಿ ಏನಿದೆ ಎಂಬುದನ್ನು. ಇಲ್ಲಿಯೂ ಅದೇ ಅಭ್ಯಾಸ ಕೈಹಿಡಿಯಿತು. ಒಂದೇ ಸಂಖ್ಯೆಯ ದಾಖಲೆ 2017ರಲ್ಲಿ, 2022ರಲ್ಲಿ, 2025ರಲ್ಲಿ ಹೇಗೆ ಪ್ರಕಟವಾಯಿತೆಂದು ಪಕ್ಕಪಕ್ಕ ಇಟ್ಟು, ಹೊಸದಾಗಿ ತೆರೆದ ಪದಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಬೇಸರದ ಕೆಲಸ ನಿಜ. ಆದರೆ ಸರ್ಕಾರ ಮುಚ್ಚಿಟ್ಟದ್ದು ಏನನ್ನು ಎಂಬುದು ತಿಳಿಯುವುದು ಈ ಕೆಲಸದಿಂದಲೇ.

ಸಿಐಎ ಸಂದೇಶಗಳಲ್ಲಿ ಸಂಕೇತನಾಮಗಳೇ ತುಂಬಿವೆ. ಕ್ಯೂಬಾರ್ಕ್ ಎಂದರೆ ಸಿಐಎ, ಓಡೆನ್ವಿ ಎಂದರೆ ಎಫ್‌ಬಿಐ. ಎಎಮ್ ಎಂದು ಆರಂಭವಾದರೆ ಕ್ಯೂಬಾದ ವ್ಯವಹಾರ, ಎಲ್‌ಐ ಎಂದಾದರೆ ಮೆಕ್ಸಿಕೋದ್ದು. ಇಷ್ಟು ತಿಳಿದಮೇಲೆ 1963ರ ಅಕ್ಟೋಬರ್ 8ರಂದು ಮೆಕ್ಸಿಕೋ ನಗರದಿಂದ ಸಿಐಎ ಕೇಂದ್ರ ಕಚೇರಿಗೆ ಹೋದ ಸಂದೇಶವನ್ನು ಓದಿ ನೋಡಿ. ಸೋವಿಯತ್ ರಾಯಭಾರ ಕಚೇರಿಗೆ ಆಸ್ವಾಲ್ಡ್ ಎಂಬ ಅಮೆರಿಕನ್ ದೂರವಾಣಿ ಮಾಡಿದ್ದನ್ನು ಕದ್ದು ಕೇಳಿದವರು ವರದಿ ಮಾಡಿದ್ದಾರೆ. ಜೊತೆಗೆ, ಅಲ್ಲಿಗೆ ಬಂದಿದ್ದ ಒಬ್ಬನ ಛಾಯಾಚಿತ್ರದ ವರ್ಣನೆ: ಸುಮಾರು 35 ವರ್ಷ, ಆರಡಿ ಎತ್ತರ, ಕಸುವಿನ ಮೈಕಟ್ಟು. ಆಸ್ವಾಲ್ಡ್‌ಗೆ ಆಗ ಇನ್ನೂ 24 ತುಂಬಿರಲಿಲ್ಲ, ಅಷ್ಟು ಎತ್ತರವೂ ಅವನಲ್ಲ. ಕೇಂದ್ರ ಕಚೇರಿಯ ಉತ್ತರದಲ್ಲಿ ಅವನ ಹೆಸರು "ಲೀ ಹೆನ್ರಿ ಆಸ್ವಾಲ್ಡ್" ಎಂದಾಗಿದೆ. ಇದು ಬಹಳ ಹಿಂದೆಯೇ ಹೊರಬಿದ್ದ ಸಂಗತಿ. ಆದರೂ ಹತ್ಯೆಗೆ ಆರು ವಾರ ಮೊದಲೇ ಅವನ ಹೆಸರು ಆ ಕಚೇರಿಯ ಮೇಜಿನ ಮೇಲಿತ್ತೆಂಬುದನ್ನು ಮೂಲ ಕಾಗದದಲ್ಲಿ ಓದುವಾಗ ಎದೆ ಝಲ್ಲೆನ್ನುತ್ತದೆ.

ಹೊಸದಾಗಿ ತೆರೆದ ಕಾಗದಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕೆನಡಿಯ ಸಲಹೆಗಾರ ಆರ್ಥರ್ ಶ್ಲೆಸಿಂಜರ್ ಅವರು 1961ರ ಜೂನ್ 30ರಂದು ಕೆನಡಿಗೆ ಬರೆದ ಟಿಪ್ಪಣಿ. ಸಿಐಎ ರೂಪಿಸಿದ್ದ ಕ್ಯೂಬಾದ ಬೇ ಆಫ್ ಪಿಗ್ಸ್ ದಾಳಿ ಸೋತ ಬಳಿಕ ಆ ಸಂಸ್ಥೆಯನ್ನು ಹೇಗೆ ಪುನರ್ರಚಿಸಬೇಕೆಂಬುದು ಅದರ ವಿಷಯ. ಒಂದೂವರೆ ಪುಟದಷ್ಟು ಭಾಗ ದಶಕಗಳ ಕಾಲ ಮುಚ್ಚಿತ್ತು. ಈಗ ತೆರೆದಿರುವ ಸಾಲುಗಳ ಪ್ರಕಾರ ಅಮೆರಿಕದ ರಾಯಭಾರ ಕಚೇರಿಗಳ ರಾಜಕೀಯ ಅಧಿಕಾರಿಗಳಲ್ಲಿ ಶೇ. 47 ಮಂದಿ ಸಿಐಎಯವರು. ಪ್ಯಾರಿಸ್ ಕಚೇರಿಯೊಂದರಲ್ಲೇ 128 ಜನ. ಗುಂಡು ಹಾರಿಸಿದವರ ಬಗ್ಗೆ ಆ ಸಾಲುಗಳಲ್ಲಿ ಏನೂ ಇಲ್ಲ.

ನಾನು ಓದಿದ ಮಟ್ಟಿಗೆ, ಮುಚ್ಚಿದ್ದ ಭಾಗಗಳಲ್ಲಿ ಬಹುಪಾಲು ಹೀಗೆಯೇ ಇವೆ: ಯಾವ ದೇಶದಲ್ಲಿ ಯಾರ ಫೋನು ಕದ್ದು ಕೇಳಿದರು, ಯಾರಿಗೆ ಹಣ ಕೊಟ್ಟರು, ಯಾವ ಮಿತ್ರರಾಷ್ಟ್ರ ಕೈಜೋಡಿಸಿತು. ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಕೆಲವರ ಮುಖ ಸಪ್ಪಗಾಯಿತು. ನನಗೆ ಹಾಗನ್ನಿಸಲಿಲ್ಲ. ಆ ಮುಚ್ಚಿದ ಸಾಲುಗಳಿಂದಲೇ ಅರವತ್ತು ವರ್ಷ ಊಹಾಪೋಹ ಬೆಳೆಯಿತು. ಬೇಹುಗಾರಿಕೆಯ ಮುಜುಗರವನ್ನು ಮುಚ್ಚಿಡಲು ಹೋಗಿ ಒಂದು ಸರ್ಕಾರ ತನ್ನ ಜನರ ನಂಬಿಕೆಯನ್ನೇ ಕಳೆದುಕೊಂಡಿತು.

ಅವಸರದ ಬಿಡುಗಡೆಯೂ ಸರಿಯಲ್ಲ. 2025ರ ಪುಟಗಳಲ್ಲಿ, ಬದುಕಿರುವ ಎಷ್ಟೋ ಜನರ ಸಾಮಾಜಿಕ ಭದ್ರತಾ ಸಂಖ್ಯೆಗಳು (ಅಲ್ಲಿ ಪ್ರತಿಯೊಬ್ಬರ ಖಾಸಗಿ ಗುರುತಿನ ಸಂಖ್ಯೆ) ಹಾಗೇ ಉಳಿದಿದ್ದವು. ಮುಚ್ಚಬೇಕಾದದ್ದು ಅಂಥವನ್ನು ಮಾತ್ರ. ನನ್ನ ಟಿಪ್ಪಣಿಗಳಲ್ಲಿ ಅವು ಬರದಂತೆ ನೋಡಿಕೊಂಡಿದ್ದೇನೆ.

ಈಗ ಅದೇ ಕ್ರಮವನ್ನು ಗಾಂಧೀಜಿಯ ಹತ್ಯೆಯ ದಾಖಲೆಗಳಿಗೆ ಹಚ್ಚುತ್ತಿದ್ದೇನೆ. 1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದಲ್ಲಿ ಬಾಂಬು ಸಿಡಿಸಿದ ಮದನ್‌ಲಾಲ್ ಪಹ್ವಾ ಸಿಕ್ಕಿಬಿದ್ದ. ಹತ್ತೇ ದಿನಗಳಲ್ಲಿ ಗಾಂಧೀಜಿ ಹತರಾದರು. ಸಂಚಿನ ಸುಳಿವು ಮೊದಲೇ ಯಾರಿಗಿತ್ತು, ಅವರೇನು ಮಾಡಿದರು ಎಂಬುದನ್ನು 1966ರಲ್ಲಿ ನೇಮಕವಾದ ಕಪೂರ್ ಆಯೋಗ ಕೆದಕಿತು. 1969ರ ಅದರ ವರದಿ ಓದಲು ಸಿಗುತ್ತದೆ. ಆ ವರದಿಯಲ್ಲಿ ಹೆಸರಿಸಿರುವ ಪತ್ರ, ಹೇಳಿಕೆ, ದಿನಚರಿಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ನಮ್ಮ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಹುಡುಕುತ್ತೇನೆ.

ನಮ್ಮಲ್ಲಿ ಒಂದು ಹತ್ಯೆಗೆಂದೇ ಮಾಡಿದ ಕಾಯಿದೆಯಿಲ್ಲ. ಆದರೆ ಮಾಹಿತಿ ಹಕ್ಕು ಕಾಯಿದೆಯ 8(3)ನೇ ಕಲಂ ಇದೆ. ಘಟನೆ ನಡೆದು 20 ವರ್ಷ ಕಳೆದಿದ್ದರೆ ದೇಶದ ಭದ್ರತೆ, ಸದನದ ಹಕ್ಕುಚ್ಯುತಿ, ಸಚಿವ ಸಂಪುಟದ ಕಾಗದ ಈ ಮೂರು ಬಗೆಯ ಕಾರಣಗಳನ್ನು ಬಿಟ್ಟು ಮಾಹಿತಿ ನಿರಾಕರಿಸಲು 8ನೇ ಕಲಮಿನಲ್ಲಿರುವ ಉಳಿದ ನೆಪಗಳು ನಡೆಯವು. ಕೇಂದ್ರ ಸರ್ಕಾರದ ಕಚೇರಿಗಾದರೆ ಅರ್ಜಿಗೆ 10 ರೂಪಾಯಿ, ಪ್ರತಿ ಪುಟದ ನಕಲಿಗೆ 2 ರೂಪಾಯಿ. ಕಡತವನ್ನು ಅಲ್ಲಿಯೇ ಕುಳಿತು ನೋಡಲು ಮೊದಲ ಗಂಟೆ ಉಚಿತ. ಅರ್ಜಿಯಲ್ಲಿ "ಎಲ್ಲ ದಾಖಲೆ ಕೊಡಿ" ಎಂದು ಬರೆಯಬೇಡಿ. ಇಂಥ ವಿಷಯದ, ಇಂಥ ವರ್ಷಗಳ ಕಡತಗಳ ಪಟ್ಟಿಯನ್ನು ಸಂಖ್ಯೆಸಹಿತ ಕೊಡಿ ಎಂದು ಮೊದಲು ಕೇಳಿ, ದಾಖಲೆಗಳಿಗೆ ಸೂಚಿ ಇಟ್ಟಿರಬೇಕೆಂದು ವಿಧಿಸುವ 4(1)(ಎ) ಕಲಮನ್ನು ಅಲ್ಲಿಯೇ ಉಲ್ಲೇಖಿಸಿ. ಪಟ್ಟಿ ಕೈಗೆ ಬಂದಮೇಲೆ ಎರಡನೆಯ ಅರ್ಜಿಯಲ್ಲಿ ಬೇಕಾದ ಕಡತವನ್ನು ಅದರ ಸಂಖ್ಯೆ ಹಿಡಿದೇ ಕೇಳಬಹುದು.