ತೋಟದ ಕಾವಲಿಗೆ ಥರ್ಮಲ್ ಕ್ಯಾಮೆರಾ: ಕಂಬ, ಕೇಬಲ್, ಅರ್ಥಿಂಗ್

ಟೊಮೆಟೊಗೆ ಬೆಲೆ ಬಂದ ವಾರ, ಶ್ರೀನಿವಾಸಪುರದ ಕಡೆ ಮಾವು ಬಲಿಯುವ ತಿಂಗಳು, ಕೊಳವೆಬಾವಿಯ ಕೇಬಲ್ ಕತ್ತರಿಸಿಕೊಂಡು ಹೋಗುವವರ ಕಾಟ, ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತ ಕಾಡಂಚಿನಿಂದ ಇಳಿಯುವ ಆನೆಗಳು. ಕೋಲಾರ ಜಿಲ್ಲೆಯಲ್ಲಿ ರಾತ್ರಿ ಕಾವಲಿಗೆ ಕಾರಣಗಳು ಒಂದೆರಡಲ್ಲ. ಥರ್ಮಲ್ ಕ್ಯಾಮೆರಾಗೆ ಬೆಳಕು ಬೇಡ. ಮೈಯಿಂದ ಹೊಮ್ಮುವ ಶಾಖವನ್ನೇ ಅದು ಚಿತ್ರ ಮಾಡುತ್ತದೆ. ಅಮಾವಾಸ್ಯೆಯ ಕತ್ತಲಲ್ಲೂ ಬದುವಿನ ಮೇಲೆ ನಡೆಯುವವರು ಬೆಳ್ಳಗೆ ಎದ್ದು ಕಾಣುತ್ತಾರೆ.

ಇಷ್ಟು ದುಬಾರಿ ಸಾಧನ ಎರಡು ಮಳೆಗಾಲ ಕಾಣುವ ಮೊದಲೇ ಕೆಟ್ಟರೆ, ದೋಷ ಬಹುತೇಕ ಕ್ಯಾಮೆರಾದ ಒಳಗಿರುವುದಿಲ್ಲ. ಕನೆಕ್ಟರ್‌ಗೆ ಇಳಿದ ನೀರು, ತೆಳುವಾದ ತಂತಿ, ಹೆಸರಿಗಷ್ಟೇ ಇರುವ ಅರ್ಥಿಂಗ್, ಈ ಮೂರರಲ್ಲಿ ಒಂದು ಇರುತ್ತದೆ. ಆದ್ದರಿಂದ ಹಣ ಹೊಂದಿಸುವಾಗಲೇ ಕಂಬ, ಕೇಬಲ್, ಅರ್ಥಿಂಗ್ ಮತ್ತು ಸರ್ಜ್ (ವೋಲ್ಟೇಜಿನ ದಿಢೀರ್ ಜಿಗಿತ) ರಕ್ಷಣೆಗೆಂದು ಒಂದು ಪಾಲು ತೆಗೆದಿಡಿ. ಉಳಿದದ್ದರಲ್ಲಿ ಕ್ಯಾಮೆರಾ ಆರಿಸಿ.

ಯಾವ ಲೆನ್ಸ್, ಎಷ್ಟು ದೂರ

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು 256×192 ಪಿಕ್ಸೆಲ್‌ನ, 12 ಮೈಕ್ರಾನ್ ಸೆನ್ಸರಿನ (ಸೆನ್ಸರಿನ ಒಂದೊಂದು ಪಿಕ್ಸೆಲ್ ಅಷ್ಟು ಅಗಲ) ಕ್ಯಾಮೆರಾ. ಮೊಬೈಲ್ ಕ್ಯಾಮೆರಾದ ಲೆಕ್ಕದಲ್ಲಿ ಇದು ತೀರಾ ಕಡಿಮೆ ಎನಿಸಬಹುದು, ಕಾವಲಿಗೆ ಸಾಕು. ಲೆಕ್ಕ ಸರಳ: ಸೆನ್ಸರಿನ ಮೈಕ್ರಾನನ್ನು ಲೆನ್ಸಿನ ಮಿಲಿಮೀಟರ್‌ನಿಂದ ಭಾಗಿಸಿ, ದೂರದ ಮೀಟರ್‌ನಿಂದ ಗುಣಿಸಿದರೆ ಒಂದು ಪಿಕ್ಸೆಲ್ ಎಷ್ಟು ಮಿಲಿಮೀಟರ್ ಜಾಗ ನೋಡುತ್ತದೆ ಎಂಬುದು ಸಿಗುತ್ತದೆ. 7 ಮಿ.ಮೀ. ಲೆನ್ಸ್ ಆದರೆ 100 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್‌ಗೆ ಸುಮಾರು 17 ಸೆಂ.ಮೀ. ನಿಂತ ಮನುಷ್ಯ ಹತ್ತು ಪಿಕ್ಸೆಲ್ ಎತ್ತರ ಕಾಣುತ್ತಾನೆ. ಇದಕ್ಕಿಂತ ಕಡಿಮೆಯಾದರೆ ಮನುಷ್ಯನೋ ನಾಯಿಯೋ ಎಂದು ಕ್ಯಾಮೆರಾದ ಸಾಫ್ಟ್‌ವೇರ್ ತಡಕಾಡುತ್ತದೆ. ಅದೇ ದೂರಕ್ಕೆ 3 ಮಿ.ಮೀ. ಲೆನ್ಸ್ ಹಾಕಿದರೆ ಮನುಷ್ಯ ಬರೀ ನಾಲ್ಕು ಪಿಕ್ಸೆಲ್. ಅದು ಮನೆಯಂಗಳಕ್ಕೆ, ಪಂಪ್‌ಹೌಸ್ ಬಾಗಿಲಿಗೆ ತಕ್ಕದ್ದು.

ಥರ್ಮಲ್ ಚಿತ್ರದಲ್ಲಿ ಮುಖ ಗುರುತು ಸಿಗುವುದಿಲ್ಲ, ಗಾಡಿಯ ನಂಬರ್ ಪ್ಲೇಟ್ ಓದಲಾಗುವುದಿಲ್ಲ. ಪೊಲೀಸರಿಗೆ ತೋರಿಸಬಹುದಾದ ಚಿತ್ರ ಬೇಕಿದ್ದರೆ ಮಾಮೂಲಿ ಲೆನ್ಸೂ ಜತೆಗಿರುವ ಜೋಡಿ ಕ್ಯಾಮೆರಾ ತೆಗೆದುಕೊಳ್ಳಿ. ಇಂಟರ್‌ನೆಟ್‌ಗೆ ಜೋಡಿಸುವ ಸಿಸಿಟಿವಿಗಳಿಗೆ 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಆ ಮಾಡೆಲ್‌ಗೆ ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಗುಣಮಟ್ಟ ಪರೀಕ್ಷಾ ಸಂಸ್ಥೆ) ಪ್ರಮಾಣಪತ್ರ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ.

ಜಾಗ ಗೊತ್ತುಮಾಡುವುದು

ಕಿಟಕಿಯ ಗಾಜಿನ ಹಿಂದೆ ಥರ್ಮಲ್ ಕ್ಯಾಮೆರಾ ಇಟ್ಟರೆ ಏನೂ ಕಾಣದು. ಈ ಶಾಖದ ಕಿರಣಗಳು ಗಾಜನ್ನೂ ಅಕ್ರಿಲಿಕ್ಕನ್ನೂ ದಾಟುವುದಿಲ್ಲ. ಅದಕ್ಕೇ ಇದರ ಲೆನ್ಸ್ ಸಾಮಾನ್ಯವಾಗಿ ಜರ್ಮೇನಿಯಂ ಎಂಬ ಅರೆಲೋಹದ್ದು. ರಕ್ಷಣೆಗೆಂದು ಗಾಜಿನ ಡಬ್ಬಿ ಮಾಡಿಸಲೇಬೇಡಿ.

ಲೆನ್ಸ್ ನೇರ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಬಾರದು. ಬೆಳಗು ಸಂಜೆಯ ತಗ್ಗಿನ ಸೂರ್ಯ ನೇರವಾಗಿ ಬಿದ್ದರೆ ಸೆನ್ಸರಿನ ಮೇಲೆ ಕಲೆ ಉಳಿಯಬಹುದು. ಉತ್ತರ ಅಥವಾ ದಕ್ಷಿಣಕ್ಕೆ ತಿರುಗಿಸಿ, ಆಕಾಶ ಚೌಕಟ್ಟಿನೊಳಗೆ ಬಾರದಷ್ಟು ಬಾಗಿಸಿ.

ಎದುರಿಗೆ ಬಂಡೆ ಇದೆಯೇ ನೋಡಿ. ನಮ್ಮ ಬಂಡೆಗಳು ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ಬಂಡೆಯ ಬಿಸಿಯೂ ಮೈಯ ಬಿಸಿಯೂ ಒಂದೇ ಮಟ್ಟಕ್ಕೆ ಬಂದಾಗ, ಬಂಡೆಯ ಮುಂದೆ ನಿಂತ ಮನುಷ್ಯ ಚಿತ್ರದಲ್ಲಿ ಕರಗಿಹೋಗುತ್ತಾನೆ. ಬೆಳಗ್ಗೆಯೂ ಒಮ್ಮೆ ಹೀಗಾಗುತ್ತದೆ. ಇದು ಕ್ಯಾಮೆರಾದ ದೋಷವಲ್ಲ. ಹಿನ್ನೆಲೆಗೆ ಬೆಳೆ, ಹುಲ್ಲು, ಮರ ಬರುವಂತೆ ಮುಖ ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ. ಜಿಂಕ್ ಶೀಟಿನ ಶೆಡ್ಡು ಶಾಖಕ್ಕೆ ಕನ್ನಡಿಯಂತೆ ವರ್ತಿಸುತ್ತದೆ, ಅದನ್ನೂ ಚೌಕಟ್ಟಿನಿಂದ ಹೊರಗಿಡಿ.

ನಾಲ್ಕು ಮೀಟರ್ ಎತ್ತರದಲ್ಲಿ 7 ಮಿ.ಮೀ. ಲೆನ್ಸ್ ಇಟ್ಟಾಗ ಕಂಬದ ಬುಡದಿಂದ ಹನ್ನೊಂದು ಹನ್ನೆರಡು ಮೀಟರ್ ಜಾಗ ಕಾಣುವುದಿಲ್ಲ. ಎರಡು ಕಂಬ ಇದ್ದರೆ ಒಂದರ ಬುಡ ಇನ್ನೊಂದಕ್ಕೆ ಕಾಣುವಂತೆ ಎದುರುಬದುರು ಮಾಡಿ.

ಕಂಬ ನಿಲ್ಲಿಸುವ ಮೊದಲು

ತಲೆಯ ಮೇಲೆ ಕರೆಂಟ್ ಲೈನ್ ಇದೆಯೇ ನೋಡುವುದು ಎಲ್ಲಕ್ಕಿಂತ ಮೊದಲ ಕೆಲಸ. ಕಂಬ ಅಥವಾ ಏಣಿ ಯಾವ ಕಡೆ ಬಿದ್ದರೂ 11 ಕೆ.ವಿ. ಲೈನಾಗಲಿ, ಮನೆಗೆ ಬರುವ ತಂತಿಯಾಗಲಿ ತಾಗಬಾರದು. ಅಷ್ಟು ದೂರ ಬಿಟ್ಟೇ ಗುಂಡಿ ತೋಡಿ. ಅಲ್ಯೂಮಿನಿಯಂ ಏಣಿ ಲೈನಿನ ಹತ್ತಿರ ತರಲೇಬಾರದು. ಬೆಸ್ಕಾಂ ಕಂಬಕ್ಕೆ ಕ್ಯಾಮೆರಾ ಕಟ್ಟುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

20 ಅಡಿಯ ಒಂದು ಉದ್ದ ಜಿ.ಐ. ಪೈಪು, 3 ಇಂಚಿನದು, ಸಾಕು. ಒಂದೂವರೆ ಅಡಿ ಚೌಕದ, ಮೂರೂಕಾಲು ಅಡಿ ಆಳದ ಗುಂಡಿ ತೋಡಿ ಪೈಪನ್ನು ಒಂದು ಮೀಟರ್ ಇಳಿಸಿ, 1:1.5:3ರ (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಹಾಕಿ. ಎರಡು ಚೀಲದೊಳಗೆ ಸಿಮೆಂಟ್ ಮುಗಿಯುತ್ತದೆ. ತೂಗುಗುಂಡು ಬಿಟ್ಟು ನೇರ ನೋಡಿ, ಏಳು ದಿನ ನೀರುಣಿಸಿ. ಕೇಬಲ್ ಬರುವ ಪೈಪಿನ ಬಾಯಿಯನ್ನು ಕಾಂಕ್ರೀಟಿಗೆ ಮುಂಚೆಯೇ ಕೂರಿಸಿಡಿ, ಇದು ಮರೆತುಹೋಗುವ ಕೆಲಸ. ಕಂಬ ತೆಳುವಾಗಿದ್ದರೆ ಆಷಾಢದ ಗಾಳಿಗೆ ಅಲ್ಲಾಡಿ ರಾತ್ರಿಯಿಡೀ ಸುಳ್ಳು ಅಲಾರಂ ಕೊಡುತ್ತದೆ.

ತೋಟದಲ್ಲಿ ಈಗಾಗಲೇ ಕಲ್ಲುಕೂಚ (ಕಲ್ಲಿನ ಕಂಬ) ಇದ್ದರೆ ಅದಕ್ಕೂ ಹಾಕಬಹುದು. ಆದರೆ ಹ್ಯಾಮರ್ ಡ್ರಿಲ್ ಹೊಡೆಯಬೇಡಿ, ಕೂಚ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯ ಕ್ಲಾಂಪ್ ಎರಡು ಕಡೆ ಬಿಗಿದರೆ ಗಟ್ಟಿಯಾಗಿ ನಿಲ್ಲುತ್ತದೆ.

ಕರೆಂಟ್ ಎಲ್ಲಿಂದ

ಮೋಟಾರ್ ಸ್ಟಾರ್ಟರಿನ ಪೆಟ್ಟಿಗೆಯಿಂದ ಕ್ಯಾಮೆರಾಗೆ ಕರೆಂಟ್ ಎಳೆಯಬೇಡಿ. ಪಂಪ್‌ಸೆಟ್ ಲೈನಿಗೆ ತ್ರೀಫೇಸ್ ಬರುವುದು ಕೆಲವೇ ಗಂಟೆ. ಮೋಟಾರ್ ಎತ್ತಿಕೊಳ್ಳುವಾಗ ವೋಲ್ಟೇಜ್ ಕುಸಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ಫೇಸ್ ತೆಗೆದುಕೊಂಡು, ನ್ಯೂಟ್ರಲ್ ಬದಲಿಗೆ ಅರ್ಥಿಂಗ್ ತಂತಿ ಕೊಟ್ಟು ದೀಪ ಉರಿಸುವ ರೂಢಿ. ಹಾಗೆ ಮಾಡಿದಾಗ ಅರ್ಥ್ ರಾಡಿಗೇ ಕರೆಂಟ್ ಹರಿಯುತ್ತದೆ. ನೆಲ ಒಣಗಿದ್ದರೆ ಅಥವಾ ತಂತಿ ಬಿಟ್ಟುಹೋದರೆ, ಆ ಅರ್ಥಿಂಗಿಗೆ ಸೇರಿದ ಕಂಬ, ಪೆಟ್ಟಿಗೆ, ಪೈಪು ಮುಟ್ಟಿದವರಿಗೆ 230 ವೋಲ್ಟ್ ಹೊಡೆಯಬಹುದು. ಕ್ಯಾಮೆರಾಗೆ ಇದನ್ನು ಖಂಡಿತ ಮಾಡಬೇಡಿ, ಈಗಾಗಲೇ ಎಲ್ಲಾದರೂ ಮಾಡಿದ್ದರೆ ಇಂದೇ ಬಿಚ್ಚಿಸಿ.

ಮನೆಯ ಸಿಂಗಲ್ ಫೇಸ್ ಬೋರ್ಡಿನಿಂದ ಪ್ರತ್ಯೇಕ ಸರ್ಕ್ಯೂಟ್ ತೆಗೆಸಿ: 6 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಟೈಪ್–2 ಸರ್ಜ್ ಪ್ರೊಟೆಕ್ಟರ್. ಈ 230 ವೋಲ್ಟ್ ಭಾಗವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. ಮೇನ್ ಇಳಿಸಿ, ಬೇರೆ ಯಾರೂ ಹಾಕದಂತೆ ಬೀಗ ಹಾಕಿ ಅಥವಾ ಚೀಟಿ ಅಂಟಿಸಿ. ಟೆಸ್ಟರ್ ದೀಪ ಉರಿಯಲಿಲ್ಲ ಎಂದು ನಂಬಬೇಡಿ. ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್ ಎರಡೂ ನೋಡಿ, ಮೀಟರು ಸರಿಯಿದೆಯೆಂದು ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಖಚಿತ ಮಾಡಿಕೊಳ್ಳಿ.

ಕ್ಯಾಮೆರಾ, ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕೊಡುವ ಪೆಟ್ಟಿಗೆ), ರೂಟರ್ ಸೇರಿ ಸುಮಾರು 25 ವಾಟ್. ಹತ್ತು ಗಂಟೆ ಕರೆಂಟ್ ಹೋದರೂ 250 ವಾಟ್‌ಅವರ್ ಸಾಕು. 12.8 ವೋಲ್ಟ್ 40 ಆಂಪಿಯರ್‌ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಅರ್ಧದಷ್ಟು ಖಾಲಿಯಾಗುತ್ತದೆ ಅಷ್ಟೆ.

ಕೇಬಲ್: 12 ವೋಲ್ಟ್ ಬೇಡ, ಪಿಒಇ ಇರಲಿ

ಅಂಗಡಿಯವರು ‘3+1’ ಕೇಬಲ್ (ಮೂರು ಸಣ್ಣ ತಂತಿ, ಒಂದು ವಿಡಿಯೊ ತಂತಿ) ಕೊಟ್ಟು 12 ವೋಲ್ಟ್ ಅಡಾಪ್ಟರ್ ಹಾಕಿಕೊಳ್ಳಿ ಎನ್ನುತ್ತಾರೆ. ಮನೆಯೊಳಗೆ ನಡೆಯುತ್ತದೆ, ತೋಟಕ್ಕೆ ನಡೆಯದು. ಅರ್ಧ ಚದರ ಮಿ.ಮೀ. ತಾಮ್ರದ ತಂತಿ 40 ಮೀಟರ್ ಎಳೆದರೆ ಹೋಗಿಬರುವ ದಾರಿ 80 ಮೀಟರ್, ರೋಧ ಸುಮಾರು ಮೂರು ಓಮ್. ಒಂದು ಆಂಪಿಯರ್ ಹರಿದಾಗ ಮೂರು ವೋಲ್ಟ್ ದಾರಿಯಲ್ಲೇ ಸೋರಿ, ಕ್ಯಾಮೆರಾಗೆ ಒಂಬತ್ತರ ಆಸುಪಾಸಷ್ಟೇ ಸಿಗುತ್ತದೆ. ಹಗಲು ಸರಿಯಿದ್ದು ರಾತ್ರಿ ಮಾತ್ರ ಪದೇ ಪದೇ ರೀಸ್ಟಾರ್ಟ್ ಆಗುವ ಕ್ಯಾಮೆರಾಗಳ ರೋಗ ಸಾಮಾನ್ಯವಾಗಿ ಇದೇ: ಕತ್ತಲಾದಾಗ ಜೋಡಿ ಲೆನ್ಸಿನ ದೀಪ ಹೊತ್ತಿಕೊಂಡು ಕರೆಂಟ್ ಹೆಚ್ಚು ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ.

ಪಿಒಇಯಲ್ಲಿ ನೆಟ್‌ವರ್ಕ್ ಕೇಬಲಿನಲ್ಲೇ 48 ವೋಲ್ಟ್ ಆಸುಪಾಸು ಹೋಗುವುದರಿಂದ ಆಂಪಿಯರ್ ಕಡಿಮೆ, ನಷ್ಟವೂ ಕಡಿಮೆ. ಸಾಮಾನ್ಯ ‘ಎಎಫ್’ ದರ್ಜೆಯ ಪೋರ್ಟ್ 15.4 ವಾಟ್ ಕೊಡುತ್ತದೆ, ಕ್ಯಾಮೆರಾ ತುದಿಗೆ 12.95 ವಾಟ್ ಖಾತರಿ. ಕ್ಯಾಮೆರಾದ ಡಬ್ಬಿಯ ಮೇಲೆ ಅದಕ್ಕಿಂತ ಹೆಚ್ಚು ಬರೆದಿದ್ದರೆ 30 ವಾಟಿನ ‘ಎಟಿ’ ಪೋರ್ಟ್ ಬೇಕು. ಕೇಬಲ್ ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯ ಕ್ಯಾಟ್–6 ಇರಲಿ, ಅಪ್ಪಟ ತಾಮ್ರದ್ದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗಕ್ಕೆ ಸಿಗುತ್ತದೆ. ಚಾಕುವಿನಿಂದ ತಂತಿಯ ಮೈ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಬೇಡ. ಉದ್ದ 100 ಮೀಟರ್ ಮೀರಬಾರದು, 90ಕ್ಕೆ ನಿಲ್ಲಿಸುವುದು ಕ್ಷೇಮ.

ಅದಕ್ಕಿಂತ ದೂರವಾದರೆ, ಅಥವಾ ಕಂಬ ಬಯಲಿನಲ್ಲಿ ಒಂಟಿಯಾಗಿದ್ದರೆ, ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಡಬ್ಬಿ) ಹಾಕಿ, ಕಂಬಕ್ಕೆ 100 ವಾಟಿನ ಸೋಲಾರ್ ಪ್ಯಾನೆಲ್ಲನ್ನೂ ರಾತ್ರಿಗೆ ಬ್ಯಾಟರಿಯನ್ನೂ ಕೊಡಿ. ಉಕ್ಕಿನ ತಂತಿ ಸೇರದ ಫೈಬರನ್ನೇ ಕೇಳಿ. ಆಗ ಕಂಬದಿಂದ ಮನೆಗೆ ಲೋಹದ ತಂತಿಯೇ ಇರುವುದಿಲ್ಲ, ಕಂಬಕ್ಕೆ ಬಡಿದ ಸಿಡಿಲು ಈ ದಾರಿಯಲ್ಲಿ ಮನೆಯ ಟಿವಿ, ರೂಟರ್‌ವರೆಗೆ ಬರಲಾರದು.

ನೆಲದೊಳಗೆ 32 ಮಿ.ಮೀ. ಎಚ್‌ಡಿಪಿಇ ಪೈಪಿನಲ್ಲಿ, ಬದುವಿನ ಗುಂಟ, ಎರಡೂವರೆ ಅಡಿ ಆಳದಲ್ಲಿ ಎಳೆಯಿರಿ. ಹೊಲದ ಮಧ್ಯೆ ಹಾಕಿದರೆ ನೇಗಿಲಿಗೋ ರೋಟಾವೇಟರಿಗೋ ಸಿಗುತ್ತದೆ. 230 ವೋಲ್ಟ್ ತಂತಿ ಅದೇ ಪೈಪಿನಲ್ಲಿ ಇರಕೂಡದು. ಸೋಲಾರ್ ಬೇಲಿಯ ತಂತಿಗೆ ಕೇಬಲ್ ಕಟ್ಟಬೇಡಿ. ಹಂದಿ ಕಾಟಕ್ಕೆಂದು ಬೇಲಿಗೆ ನೇರ ಕರೆಂಟ್ ಕೊಡುವುದು ಅಪರಾಧ. ಅಂಥ ಬೇಲಿಯಿರುವ ಕಡೆ ಯಾರೂ ಕೆಲಸಕ್ಕೆ ಇಳಿಯಬಾರದು.

ಕನೆಕ್ಟರ್: ಐದು ನಿಮಿಷದ ಕೆಲಸ, ಐದು ವರ್ಷದ ಬಾಳಿಕೆ

ಕ್ಯಾಮೆರಾ ಜತೆ ಬರುವ ವಾಟರ್‌ಪ್ರೂಫ್ ಕ್ಯಾಪನ್ನು ಬಿಸಾಡುವವರೇ ಹೆಚ್ಚು, ಏಕೆಂದರೆ ಕ್ರಿಂಪ್ ಮಾಡಿದ (ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದ) ಮೇಲೆ ಅದು ನೆನಪಾಗುತ್ತದೆ, ಆಗ ತೂರುವುದಿಲ್ಲ. ಮೊದಲು ಕೇಬಲಿಗೆ ಹಿಂಬದಿಯ ನಟ್ ತೂರಿಸಿ, ನಂತರ ರಬ್ಬರ್ ಸೀಲ್, ನಂತರ ಕ್ಯಾಪಿನ ಕೊಳವೆ. ಇವು ಮೂರೂ ಕೇಬಲಿನ ಮೇಲೆ ಕೂತ ಮೇಲಷ್ಟೇ ಹೊದಿಕೆ ಸುಲಿಯಿರಿ. ಬಣ್ಣದ ಸಾಲು ಎರಡೂ ತುದಿಗೆ 568–ಬಿ: ಬಿಳಿ–ಕಿತ್ತಳೆ, ಕಿತ್ತಳೆ, ಬಿಳಿ–ಹಸಿರು, ನೀಲಿ, ಬಿಳಿ–ನೀಲಿ, ಹಸಿರು, ಬಿಳಿ–ಕಂದು, ಕಂದು. ಎಂಟೂ ತಂತಿ ಆರ್‌ಜೆ–45 ಕನೆಕ್ಟರಿನ ಮುಂಭಾಗಕ್ಕೆ ತಾಗಿವೆಯೇ, ಕೇಬಲಿನ ಹೊದಿಕೆ ಕ್ಲಿಪ್ಪಿನ ಕೆಳಗೆ ಸಿಕ್ಕಿದೆಯೇ ನೋಡಿ ಕ್ರಿಂಪ್ ಮಾಡಿ, ಕೇಬಲ್ ಟೆಸ್ಟರಿನಲ್ಲಿ ಪರೀಕ್ಷಿಸಿ, ಆಮೇಲೆ ಕ್ಯಾಪ್ ಬಿಗಿಯಿರಿ.

ಜೋಡಣೆಯೆಲ್ಲ ಧೂಳು, ನೀರು ಒಳನುಗ್ಗದ ಐಪಿ–66 ಪೆಟ್ಟಿಗೆಯೊಳಗೆ ಇರಲಿ. ಕೇಬಲ್ ಒಳಹೋಗುವ ಗ್ಲ್ಯಾಂಡ್ ಪೆಟ್ಟಿಗೆಯ ಅಡಿಯಲ್ಲೇ ಬರಬೇಕು, ಒಳಹೋಗುವ ಮುನ್ನ ಕೇಬಲ್ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಬೇಕು. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಬಳಸದ ಗ್ಲ್ಯಾಂಡ್ ತೂತು ಮುಚ್ಚದಿದ್ದರೆ ಇರುವೆ, ಹಲ್ಲಿ ಸೇರಿ ಸ್ವಿಚ್ ಸುಡುತ್ತವೆ.

ಅರ್ಥಿಂಗ್

ನಮ್ಮ ಗರಸು ನೆಲದಲ್ಲಿ ಇದೇ ಕಷ್ಟದ ಕೆಲಸ. ಎರಡೂವರೆ ಮೂರು ಮೀಟರಿನ ತಾಮ್ರಲೇಪಿತ ರಾಡ್ ಹಲವು ಕಡೆ ಅರ್ಧಕ್ಕೇ ಬಂಡೆಗೆ ತಾಗಿ ನಿಲ್ಲುತ್ತದೆ. ಆಗ ಉಳಿದದ್ದನ್ನು ಕತ್ತರಿಸಿ ಸುಮ್ಮನಾಗಬೇಡಿ. ಒಂದು ರಾಡಿನ ಉದ್ದದಷ್ಟು ದೂರಕ್ಕೆ ಇನ್ನೊಂದು, ಬೇಕಾದರೆ ಮೂರನೆಯದು ಇಳಿಸಿ, ಎಲ್ಲವನ್ನೂ ಸೇರಿಸಿ, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿ. ಅರ್ಥ್ ಟೆಸ್ಟರಿನಲ್ಲಿ 5 ಓಮ್‌ಗಿಂತ ಕಡಿಮೆ ಬರುವ ಗುರಿ ಇರಲಿ, ಅಳತೆಯನ್ನು ಬೇಸಿಗೆಯಲ್ಲಿ ಮಾಡಿಸಿ. ಮಳೆಗಾಲದ ಅಳತೆ ಹುಸಿ ಧೈರ್ಯ ಕೊಡುತ್ತದೆ.

ಕಂಬಕ್ಕೆ 6 ಚದರ ಮಿ.ಮೀ. ಹಸಿರು ತಾಮ್ರದ ತಂತಿ ಬೋಲ್ಟ್ ಮಾಡಿ, ಬಣ್ಣ ಕೆರೆದು ಬರಿಲೋಹಕ್ಕೆ. ನೆಟ್‌ವರ್ಕ್ ಸರ್ಜ್ ಪ್ರೊಟೆಕ್ಟರ್ ಎರಡು ಬೇಕು: ಒಂದು ಕ್ಯಾಮೆರಾ ಬಳಿ, ಒಂದು ಸ್ವಿಚ್ಚಿನ ಮುಂದೆ. ಅವುಗಳ ಅರ್ಥ್ ತಂತಿ ಅರ್ಧ ಮೀಟರಿನೊಳಗೆ, ಸುರುಳಿ ಸುತ್ತದೆ, ನೇರ ಹೋಗಲಿ. ತಾಮ್ರದ ಕೇಬಲ್ ಇರುವ ಕಡೆ ಕಂಬದ ಅರ್ಥಿಂಗನ್ನು ಮನೆಯ ಅರ್ಥಿಂಗಿಗೆ ಸೇರಿಸಬೇಕು. ಎರಡು ಬೇರೆ ಬೇರೆ ಇದ್ದರೆ ಸಿಡಿಲಿನ ಹೊತ್ತಿಗೆ ಅವುಗಳ ನಡುವಿನ ವೋಲ್ಟೇಜ್ ಕ್ಯಾಮೆರಾ ಕೇಬಲಿನಲ್ಲೇ ಹರಿಯುತ್ತದೆ. ಗುಡುಗು ಕೇಳಿಸುತ್ತಿರುವಾಗ ಕಂಬ ಹತ್ತುವುದಾಗಲಿ, ಪೆಟ್ಟಿಗೆ ತೆರೆಯುವುದಾಗಲಿ ಬೇಡ.

ಚಾಲೂ ಮಾಡಿ ನಡೆದು ನೋಡಿ

ಲೆನ್ಸಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ನೋಡಿ. ಆಗಾಗ ‘ಟಿಕ್’ ಎಂದು ಸದ್ದಾಗಿ ಚಿತ್ರ ಅರೆಕ್ಷಣ ನಿಂತರೆ ಗಾಬರಿ ಬೇಡ, ಸೆನ್ಸರ್ ತನ್ನನ್ನು ತಾನೇ ಸರಿಮಾಡಿಕೊಳ್ಳಲು ಒಳಗಿನ ಶಟರ್ ಮುಚ್ಚಿ ತೆರೆಯುತ್ತದೆ. ಕಂಪನಿಯ ಪಾಸ್‌ವರ್ಡ್ ಅಂದೇ ಬದಲಿಸಿ. ಅಲಾರಂ ಗೆರೆಯನ್ನು ಬದುವಿನ ಒಳಗೇ ಎಳೆಯಿರಿ, ಪಕ್ಕದವರ ಮನೆಯಂಗಳ ಚೌಕಟ್ಟಿಗೆ ಬರುತ್ತಿದ್ದರೆ ಆ ಭಾಗವನ್ನು ಸೆಟ್ಟಿಂಗಿನಲ್ಲಿ ಮಾಸ್ಕ್ ಮಾಡಿ (ಮರೆಮಾಡಿ).

ಪರೀಕ್ಷೆ ಮುಸ್ಸಂಜೆಗೊಮ್ಮೆ, ನಡುರಾತ್ರಿಗೊಮ್ಮೆ ಆಗಲಿ. ಒಬ್ಬರು ಗಡಿಯುದ್ದಕ್ಕೂ ನಡೆಯಲಿ, ಬಗ್ಗಿ ನಡೆಯಲಿ, ಇನ್ನೊಬ್ಬರು ಮೊಬೈಲ್ ನೋಡಲಿ. ಅಲಾರಂ ಬಾರದ ಜಾಗಕ್ಕೆ ಗೂಟ ಹೊಡೆದು, ಕ್ಯಾಮೆರಾದ ಬಾಗು ತುಸು ತುಸುವೇ ಬದಲಿಸಿ. ನಾಯಿ, ನರಿಗೆಲ್ಲ ಅಲಾರಂ ಬರುತ್ತಿದ್ದರೆ ಸೂಕ್ಷ್ಮತೆ ತಗ್ಗಿಸುವ ಬದಲು ಗುರಿಯ ಕನಿಷ್ಠ ಎತ್ತರದ ಮಿತಿ ಹೆಚ್ಚಿಸಿ.

ಲೆನ್ಸ್ ಒರೆಸಲು ಚೊಕ್ಕ ನೀರು, ಮೆತ್ತನೆ ಹತ್ತಿ ಬಟ್ಟೆ ಸಾಕು. ಮೊದಲು ನೀರು ಬಿಟ್ಟು ಧೂಳು ಇಳಿಸಿ, ಆಮೇಲೆ ಒರೆಸಿ; ಒಣ ಧೂಳನ್ನು ತಿಕ್ಕಿದರೆ ಜರ್ಮೇನಿಯಂ ಮೇಲಿನ ಲೇಪ ಗೀರುತ್ತದೆ. ಜೇಡರ ಬಲೆಯನ್ನು ವಾರಕ್ಕೊಮ್ಮೆ ತೆಗೆಯಿರಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಟ್ರಿಪ್ ಆಗದಿದ್ದರೆ ಅಂದೇ ಬದಲಿಸಿ. ಮುಂಗಾರಿಗೆ ಮುನ್ನ ಪೆಟ್ಟಿಗೆ ತೆರೆದು ಗ್ಲ್ಯಾಂಡ್ ಬಿಗಿ ನೋಡಿ, ಅರ್ಥ್ ಬೋಲ್ಟಿನ ತುಕ್ಕು ಕೆರೆದು ಗ್ರೀಸ್ ಹಚ್ಚಿ.