ಸಮಾಧಿ ಗುಡ್ಡೆಯಲ್ಲಿ ಆರು ಮಳೆಗಾಲ

ಕಳೆದ ನವೆಂಬರ್ 2ರಂದು, ಸತ್ತವರನ್ನು ನೆನೆಯುವ ದಿನ, ನಮ್ಮ ಇಗರ್ಜಿಯ ಸಮಾಧಿ ಗುಡ್ಡೆಯಲ್ಲಿ ಜನ ಕತ್ತಲಾದ ಮೇಲೂ ಕೂತಿದ್ದರು. ಮೊದಲೆಲ್ಲ ಹಾಗಿರಲಿಲ್ಲ. ಪ್ರಾರ್ಥನೆ ಮುಗಿಸಿ ಮೇಣದಬತ್ತಿ ಹಚ್ಚಿದರೆ ಹತ್ತು ನಿಮಿಷದಲ್ಲಿ ಗೇಟಿನ ಹತ್ತಿರ ಬೈಕು ಸ್ಟಾರ್ಟ್ ಆಗುತ್ತಿತ್ತು. ಈ ಸಲ ಎಂಟು ಗಂಟೆಯಾದರೂ ಯಾರೂ ಏಳಲಿಲ್ಲ. ಈ ಗುಡ್ಡೆಯಲ್ಲಿ ಗಿಡಮರ ಬೆಳೆಸಿ ಜನ ಕೂರುವಂತೆ ಮಾಡುವ ಕೆಲಸ ಆಗುವುದಿಲ್ಲ ಎಂದು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದ, ಇಗರ್ಜಿಯ ಒಂದು ವಾರ್ಡಿನ ಗುರಿಕಾರರೊಬ್ಬರು ತಮ್ಮ ಅಮ್ಮನ ಸಮಾಧಿಯ ಹತ್ತಿರ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅದನ್ನು ನೋಡಿದ ಮೇಲೆ ಬರೆಯಬೇಕು ಅನ್ನಿಸಿತು.

ಜಾಗ ಉಡುಪಿಯಿಂದ ಅರ್ಧ ಗಂಟೆ ದಾರಿ. ಮೂರು ಎಕರೆಗೆ ಸ್ವಲ್ಪ ಕಡಿಮೆ. ಪೂರ್ತಿ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡೆ. ಕೆಳಗಿನ ಅರ್ಧದಲ್ಲಿ ಸಮಾಧಿಗಳು, ಓದಲು ಬರುವ ಹಳೆಯ ಕಲ್ಲು 1880ರ ಆಸುಪಾಸಿನದು. ಮೇಲಿನ ಅರ್ಧದಲ್ಲಿ ಯಾರೋ ಮೂವತ್ತೈದು ವರ್ಷದ ಹಿಂದೆ ನೆಟ್ಟ ಅಕೇಶಿಯ. ಒಂದು ಮೂಲೆಯಲ್ಲಿ ಹಳೆಯ ಕಲ್ಲುಕೋರೆ. ನನ್ನ ಅಪ್ಪ ಮೂರನೇ ಸಾಲಿನಲ್ಲಿದ್ದಾರೆ. ನಾನು ನರ್ಸರಿ ನಡೆಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಆದ್ದರಿಂದ ಈ ಕೆಲಸ ನನಗೆ ಬಂದದ್ದು ಸಹಜ. ಆದರೆ ಮೊದಲು ಬಂದದ್ದು ನನಗಲ್ಲ. ಒಬ್ಬ ಕಂಟ್ರಾಕ್ಟರು 22 ಲಕ್ಷದ ಎಸ್ಟಿಮೇಟು ಕೊಟ್ಟಿದ್ದರು. ಪೂರ್ತಿ ಇಂಟರ್‌ಲಾಕ್, ಎರಡು ಬದಿ ಲಾನ್, ಸಾಲಾಗಿ ಅಶೋಕ, ನಡುವೆ ಹೈಮಾಸ್ಟ್ ಲೈಟು. ಅಷ್ಟು ದುಡ್ಡು ಇರಲಿಲ್ಲ. ಹಾಗಾಗಿ ನನಗೆ ಸಿಕ್ಕಿತು.

ಮೊದಲ ವರ್ಷ ನಾನು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಜೂನ್ ಮೊದಲ ವಾರ ಹಾರೆ, ಪಿಕ್ಕಾಸು ಹಿಡಿದು ಒಂದೂವರೆ ಅಡಿ ಗುಂಡಿ, ಹಟ್ಟಿಗೊಬ್ಬರ, ಸುಡುಮಣ್ಣು, ಪಾಲಿಥಿನ್ ಚೀಲದ ಸಸಿ. ಸುಮಾರು 350 ನೆಟ್ಟೆ. ಇಗರ್ಜಿಯ ಯುವಕರೆಲ್ಲ ಬಂದು ಫೋಟೊ ತೆಗೆಸಿಕೊಂಡರು. ಜುಲೈಯಲ್ಲಿ ನೋಡಿದರೆ ಪ್ರತಿ ಗುಂಡಿಯೂ ಒಂದೊಂದು ಬೋಗುಣಿ. ಮುರಕಲ್ಲಿನಲ್ಲಿ ಕಡಿದ ಗುಂಡಿಗೆ ತಳ ಗಟ್ಟಿ, ಗೋಡೆ ಗಟ್ಟಿ. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಹತ್ತಿರ ಸುರಿಯುವ ಮಳೆ, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ನಾಲ್ಕೇ ತಿಂಗಳಲ್ಲಿ. ಬೇರು ಕೊಳೆಯಿತು. ಉಳಿದವು ಏಪ್ರಿಲ್‌ನಲ್ಲಿ ಒಣಗಿದವು. ಮುಂದಿನ ಮಳೆಗೆ ಎಣಿಸಿದಾಗ ನಲವತ್ತೂ ಇರಲಿಲ್ಲ. 70 ಸಾವಿರ ಹೋಯಿತು. ಆ ದುಡ್ಡು ಊರಿನವರದ್ದು, ಆದ್ದರಿಂದ ನಿದ್ದೆ ಬರಲಿಲ್ಲ.

ಎರಡನೇ ವರ್ಷ ಇನ್ನೊಂದು ತಪ್ಪು. ಅಕೇಶಿಯ ಕಡಿಯಲು ಅನುಮತಿ ಕೇಳಿ ಒಂದು ಕಚೇರಿಗೆ ಎಂಟು ತಿಂಗಳು ಅಲೆದಿದ್ದೆ. ಕಾಗದ ಕೈಗೆ ಬಂದ ಕೂಡಲೇ, ಮತ್ತೆ ಏನಾದರೂ ಅಡ್ಡಿ ಬಂದರೆ ಎಂಬ ಹೆದರಿಕೆಯಿಂದ, ಅರ್ಧ ಎಕರೆ ಒಟ್ಟಿಗೇ ಕಡಿಸಿಬಿಟ್ಟೆ. ಬಿಸಿಲು ನೆಲಕ್ಕೆ ಬಿದ್ದದ್ದೇ ತಡ, ಕಮ್ಯುನಿಸ್ಟ್ ಗಿಡ ಎಂಬ ಕಳೆ ತಲೆಯೆತ್ತರ ಎದ್ದಿತು. ಸಮಾಧಿಗೆ ಹೋಗುವ ದಾರಿಯೇ ಕಾಣದಂತಾಯಿತು. ಅದೇ ಮಳೆಗಾಲದಲ್ಲಿ ಮೇಲಿನಿಂದ ಬಂದ ನೀರನ್ನು ನಾನೇ ಪಾಗಾರದ (ಸುತ್ತುಗೋಡೆಯ) ಕಡೆ ತಿರುಗಿಸಿದ್ದೆ. ಒಂದು ರಾತ್ರಿ ನಲವತ್ತು ಅಡಿ ಪಾಗಾರ ಮಲಗಿತು. ಬೆಳಿಗ್ಗೆ ಫಾದರ್ ಫೋನ್ ಮಾಡಿ ಬಯ್ಯಲಿಲ್ಲ, ಸುಮ್ನೆ ಬಂದು ನೋಡಿ ಎಂದರು. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲೆ ಒಂದು ವರ್ಷ ನಾನು ಏನನ್ನೂ ನೆಡಲಿಲ್ಲ. ಇದನ್ನು ಒಪ್ಪಿಸುವುದೇ ದೊಡ್ಡ ಕಷ್ಟವಾಯಿತು. ದುಡ್ಡು ಕೊಟ್ಟವರಿಗೆ ಗಿಡ ಕಾಣಬೇಕು, ಅಲ್ವಾ? ನಾನು ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಒಂದು ಮೂಲೆಯಲ್ಲಿ ನಿಂತು ಎರಡು ವಿಷಯ ನೋಡಿದೆ. ನೀರು ಎಲ್ಲಿ ಹರಿಯುತ್ತದೆ, ಜನ ಎಲ್ಲಿ ನಿಲ್ಲುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾ ಹೋದೆ.

ನೀರಿನದ್ದು ಬೇಗ ಅರ್ಥವಾಯಿತು. ಸಮಾಧಿಗಳ ಮೇಲ್ಭಾಗದಲ್ಲೇ ನೀರನ್ನು ಹಿಡಿದು, ಪಕ್ಕದಿಂದ ಸುತ್ತಿಸಿ, ಕೋರೆಗೆ ಬಿಡಬೇಕು. ಸಮಾಧಿಗಳ ನಡುವೆ ಇಂಗುಗುಂಡಿ ಮಾಡಲೇಬಾರದು. ಮುರಕಲ್ಲಿನಲ್ಲಿ ತೂತುಗಳು ಜಾಸ್ತಿ, ಇಂಗಿದ ನೀರು ಕೆಳಗಿನ ಮನೆಯ ಬಾವಿಗೆ ಹೋಗುತ್ತದೆ. ಬಿದ್ದ ಪಾಗಾರದ ಕಲ್ಲನ್ನೇ ತಂದು ಗುಡ್ಡೆಗೆ ಅಡ್ಡವಾಗಿ ಮೊಣಕಾಲೆತ್ತರದ ಕಟ್ಟಗಳನ್ನು ಕಟ್ಟಿದೆವು, ಸಿಮೆಂಟು ಇಲ್ಲದೆ. ಅದರ ಹಿಂದಿನ ಅಗಳಿಗೆ ಒಡೆದ ಹೆಂಚು ತುಂಬಿದೆವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕರಾವಳಿಯ ಎಷ್ಟು ಮನೆಗಳ ತಲೆಯ ಮೇಲೆ ಹೆಂಚು ಬಂತೋ, ಈಗ ಆ ಮನೆಗಳೆಲ್ಲ ಒಂದೊಂದಾಗಿ ಬೀಳುತ್ತಿವೆ. ನಾಲ್ಕು ಲೋಡು ಹೆಂಚಿನ ಚೂರು ಸಿಕ್ಕಿತು, ಬಾಡಿಗೆ ಮಾತ್ರ ಕೊಟ್ಟೆ. ಜಲ್ಲಿಗಿಂತ ಇದು ಒಳ್ಳೆಯದು. ಚೂರುಗಳ ಸಂದಿಯಲ್ಲಿ ನೀರು ಆರಾಮಾಗಿ ಹೋಗುತ್ತದೆ, ತರಗೆಲೆ ಮೇಲೆಯೇ ಉಳಿಯುತ್ತದೆ.

ಅಕೇಶಿಯವನ್ನು ಆಮೇಲೆ ನಾಲ್ಕರಲ್ಲಿ ಒಂದರಂತೆ ಮಾತ್ರ ಕಡಿಸಿದೆ. ಡಿಸೆಂಬರಿನಲ್ಲಿ, ನೆಲ ಒಣಗಿದ ಮೇಲೆ. ಉಳಿದ ಮೂರರ ನೆರಳು ಕಮ್ಯುನಿಸ್ಟ್ ಗಿಡವನ್ನು ಏಳಲು ಬಿಡುವುದಿಲ್ಲ. ಅರೆನೆರಳಿನಲ್ಲಿ ಏನು ಏಳುತ್ತದೆ ಎಂದು ನೋಡಿದರೆ, ನೆಡದೇ ಬಂದವೇ ಬೇಕಾದಷ್ಟು. ರೆಂಜೆ, ಕುಂಟನೇರಳೆ, ಹಾಳೆ ಮರ, ಕೇಪುಳ. ಅಕೇಶಿಯದ ಕೊಂಬೆಯಲ್ಲಿ ಕೂತ ಹಕ್ಕಿ, ಬಾವಲಿಗಳ ಕೆಲಸ ಕೆಲವು, ಗಾಳಿಯ ಕೆಲಸ ಕೆಲವು. ಮೂವತ್ತೈದು ವರ್ಷದಿಂದ ಅವು ಬಿತ್ತುತ್ತಲೇ ಇದ್ದವು. ನಾವು ಪ್ರತಿ ವರ್ಷ ನವೆಂಬರಿಗೆ ಮೊದಲು ‘ಕ್ಲೀನ್’ ಮಾಡಿಸಿ ಕೊಚ್ಚುತ್ತಿದ್ದೆವು.

ಬಾರದೇ ಇದ್ದದ್ದನ್ನು ಬೀಜದಿಂದಲೇ ಹಾಕಿದೆ. ಹೆಬ್ಬಲಸು, ಹಲಸು, ಹೊನ್ನೆ, ಪುನರ್ಪುಳಿ. ಚೀಲದಲ್ಲಿ ಬೆಳೆದ ಸಸಿಯ ತಾಯಿಬೇರು ಸುತ್ತಿಕೊಂಡಿರುತ್ತದೆ, ಮುರಕಲ್ಲಿನ ಬಿರುಕನ್ನು ಹುಡುಕುವುದಿಲ್ಲ. ಬೀಜದಿಂದ ಎದ್ದದ್ದು ಹುಡುಕುತ್ತದೆ. ಹೊನ್ನೆಯ ಬೀಜದ ಚಿಪ್ಪನ್ನು ಮೆಲ್ಲ ಬಿರುಕು ಬಿಡಿಸಿ ಹಾಕಿ, ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಇಲಿ, ಹೆಗ್ಗಣ ತಿನ್ನದಂತೆ ಬೀಜಕ್ಕೆ ಒಂದು ಲೇಪ ಮಾಡಿದ್ದೇನೆ. ಅದರಲ್ಲಿ ಏನಿದೆ ಎಂದು ಸದ್ಯಕ್ಕೆ ಹೇಳುವುದಿಲ್ಲ, ಇನ್ನೂ ಎರಡು ಜಾಗದಲ್ಲಿ ನೋಡಬೇಕಿದೆ. ಸುಮಾರು 600 ಬೀಜ ಹಾಕಿದ್ದರಲ್ಲಿ 200ಕ್ಕಿಂತ ಹೆಚ್ಚು ಈಗಲೂ ಇವೆ. ಕೆಲವು ಹೆಬ್ಬಲಸು ನನಗಿಂತ ಎತ್ತರ. ಒಂದು ಕೊಡ ನೀರು ಕೂಡ ಹೊತ್ತಿಲ್ಲ.

ಜನರದ್ದು ನಿಧಾನವಾಗಿ ಅರ್ಥವಾಯಿತು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಒಂದು ಕಾಡಿನ ಸ್ಮಶಾನ ಇದೆ, ಸ್ಕೂಗ್ಸ್‌ಶಿರ್ಕೊಗೋರ್ಡನ್ ಎಂದು. 1915ರ ಸ್ಪರ್ಧೆಯಲ್ಲಿ ಗೆದ್ದ ಆಸ್ಪ್ಲುಂಡ್ ಮತ್ತು ಲೆವೆರೆಂಟ್ಸ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಮಾಡಿದ್ದು, 1994ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದೂ ಹಳೆಯ ಜಲ್ಲಿ ಕೋರೆಗಳಿದ್ದ ಪೈನ್ ಕಾಡಿನ ಜಾಗವೇ. ನಮ್ಮ ಕೋರೆಯನ್ನು ಮಣ್ಣು ಹಾಕಿ ಮುಚ್ಚಬೇಕು ಎಂದು ಎಲ್ಲರೂ ಹೇಳುತ್ತಿದ್ದಾಗ ನನಗೆ ಧೈರ್ಯ ಕೊಟ್ಟದ್ದು ಅದು. ಅಲ್ಲಿ ಧ್ಯಾನಕ್ಕೆಂದು ಒಂದು ದಿಬ್ಬ ಇದೆ. ಹತ್ತುವ ಮೆಟ್ಟಿಲುಗಳು ಮೇಲೆ ಹೋದಂತೆ ಗಿಡ್ಡವಾಗುತ್ತವೆ. ಮೇಲೆ ತಲುಪಿದವರಿಗೆ ಏದುಸಿರು ಇರಬಾರದು ಎಂದು. ಇದನ್ನು ನಾನು ಹಾಗೆಯೇ ತೆಗೆದುಕೊಂಡೆ. ನಮ್ಮ ಗುಡ್ಡೆಯ ಮೆಟ್ಟಿಲು ಕೆಳಗೆ ಆರೂವರೆ ಇಂಚು, ಮೇಲೆ ನಾಲ್ಕು. ಮೇಸ್ತ್ರಿ ಮೂರು ಸಲ ಕೇಳಿದರು, ಅಳತೆ ತಪ್ಪಿದೆಯಾ ಎಂದು. ಈಗ ಎಂಬತ್ತರ ಅಜ್ಜಿಯರು ಮೇಲೆ ಹೋಗಿ ಬರುತ್ತಾರೆ.

ಆದರೆ ಅಲ್ಲಿನದ್ದನ್ನು ಪೂರ್ತಿ ಇಲ್ಲಿಗೆ ತರಲು ಆಗುವುದಿಲ್ಲ. ಅಲ್ಲಿನ ತೆರೆದ ಹುಲ್ಲಿನ ಇಳಿಜಾರು ನೋಡಿ ನಾನೂ ಒಂದು ತುಂಡು ಹುಲ್ಲುಗಾವಲು ಬಿಟ್ಟಿದ್ದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅಲ್ಲಿ ಒಂದು ನಾಯಿಯೂ ನಿಲ್ಲಲಿಲ್ಲ. ನಮ್ಮವರಿಗೆ ಸಮಾಧಾನ ನೆರಳಿನಲ್ಲಿ. ನಾಗಬನ ನೋಡಿ ಬೆಳೆದ ಊರು ಇದು. ಯಾವ ಧರ್ಮದವರೇ ಆಗಲಿ, ದಟ್ಟ ಮರದ ಕೆಳಗೆ ಬಂದರೆ ದನಿ ತಾನಾಗಿ ತಗ್ಗುತ್ತದೆ. ಆ ನಾಗಬನಗಳಿಗೇ ಈಗ ಸಿಮೆಂಟು ಹಾಕುತ್ತಿದ್ದಾರೆ, ಅದು ಬೇರೆ ನೋವು.

ಬೆಂಚುಗಳನ್ನು ಮೊದಲು ದಾರಿಯ ಬದಿಯಲ್ಲಿ ಹಾಕಿದ್ದೆ. ಯಾರೂ ಕೂರಲಿಲ್ಲ. ನೋಟ್‌ಬುಕ್ ತೆಗೆದು ನೋಡಿದರೆ, ಜನ ನಿಂತದ್ದೆಲ್ಲ ಬೆನ್ನಿಗೆ ಏನಾದರೂ ಇದ್ದ ಕಡೆ. ಮರದ ಬುಡ, ಪಾಗಾರ, ಎತ್ತರದ ಶಿಲುಬೆ. ಅಳುವವರು ಬೆನ್ನನ್ನು ಬಯಲಿಗೆ ಕೊಡುವುದಿಲ್ಲ. ಆರು ಬೆಂಚುಗಳಲ್ಲಿ ನಾಲ್ಕನ್ನು ಕಿತ್ತು ಹಾಗೆ ಇಟ್ಟೆ, ಹಿಂದೆ ಕೇಪುಳದ ಪೊದೆ ಬರುವಂತೆ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಗುರುತು ಇತ್ತು. ವಯಸ್ಸಾದ ಕೆಲವು ಹೆಂಗಸರು ಸಮಾಧಿಗಳ ಕಡೆ ಬರದೆ, ನೇರ ಕೋರೆಯ ಅಂಚಿಗೆ ಹೋಗಿ, ಎರಡು ನಿಮಿಷ ನಿಂತು, ತಿರುಗಿ ಹೋಗುತ್ತಿದ್ದರು. ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿದೆ. ಹಿಂದಿನ ಕಾಲದಲ್ಲಿ ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸುಗಳನ್ನು ಆಶೀರ್ವಾದ ಮಾಡಿದ ನೆಲದೊಳಗೆ ಹೂಳುತ್ತಿರಲಿಲ್ಲ. ಕೋರೆಯ ಅಂಚಿನಲ್ಲಿ ಹೂಳುತ್ತಿದ್ದರು. ಕಲ್ಲಿಲ್ಲ, ಹೆಸರಿಲ್ಲ. ಕಂಟ್ರಾಕ್ಟರ ಪ್ಲಾನಿನಲ್ಲಿ ಅದು ಪಾರ್ಕಿಂಗ್ ಜಾಗ. ನನ್ನ ಮೊದಲ ಪ್ಲಾನಿನಲ್ಲಿ ಗೊಬ್ಬರದ ಗುಂಡಿ. ನಾನು ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ಅಲ್ಲಿ ಏನೂ ಕಟ್ಟಲಿಲ್ಲ. ಇದ್ದ ಹಳೆಯ ದೇವಗಣಗಲು ಮರವನ್ನು ಉಳಿಸಿದೆ, ಅದರ ಕೆಳಗೆ ತಗ್ಗಾದ ಒಂದು ಮುರಕಲ್ಲಿನ ಕಟ್ಟೆ, ಅಷ್ಟೇ. ಪರಿಸರದ ಹುಡುಗರು ಬಂದು ಅದು ದೇಸಿ ಮರ ಅಲ್ಲ, ಅಮೆರಿಕದ ಕಡೆಯದು, ತೆಗೆಯಿರಿ ಎಂದರು. ಅವರು ಹೇಳಿದ್ದು ನಿಜ. ನಾನು ತೆಗೆಯಲಿಲ್ಲ. ಆ ಹೂವನ್ನು ಹೆಕ್ಕಿ ಕೋರೆಯ ಅಂಚಿನಲ್ಲಿ ಇಟ್ಟು ಹೋದ ಕೈಗಳನ್ನು ನಾನು ನೋಡಿದ್ದೇನೆ. ಕಳೆದ ವರ್ಷ ಫಾದರ್ ಆ ನೆಲವನ್ನೂ ಆಶೀರ್ವದಿಸಿದರು. ಒಬ್ಬರು ಅಜ್ಜಿ ನನ್ನ ಕೈ ಹಿಡಿದು, ಅರುವತ್ತು ವರ್ಷದಿಂದ ನಿಂತೇ ಹೋಗುತ್ತಿದ್ದೆ ಮಗ, ಈಗ ಕೂರುತ್ತೇನೆ ಎಂದರು.

ಕೋರೆ ಈಗ ಮಳೆಗಾಲದಲ್ಲಿ ಕೆರೆ, ಜನವರಿಯವರೆಗೆ ನೀರು ಇರುತ್ತದೆ. ಬದಿಗೆ ಬೇಲಿ ಕಡ್ಡಾಯ, ಅದಕ್ಕೆ 25 ಸಾವಿರ ಆಯಿತು, ಬಿಡುವ ಹಾಗಿಲ್ಲ. ಕೋರೆಯ ಕಲ್ಲಿಗೆ ಪಾಚಿ ಬರಿಸಲು ಒಂದು ಕಡೆ ಗಂಜಿ ತಿಳಿ, ಒಂದು ಕಡೆ ಮಜ್ಜಿಗೆ ಹಚ್ಚಿ, ಒಂದು ಕಡೆ ಸುಮ್ನೆ ಬಿಟ್ಟೆ. ಆಗಸ್ಟಿಗೆ ಮೂರೂ ಒಂದೇ ಹಸಿರು. ಮಜ್ಜಿಗೆಯ ಕಡೆ ಇರುವೆ ಮಾತ್ರ ಜಾಸ್ತಿ. ಇನ್ನೊಂದು ಪ್ರಯೋಗ ಗೆದ್ದಿತು. ಗೇಟಿನ ದೊಡ್ಡ ಲೈಟನ್ನು ತೆಗೆಸಿ ನೆಲದ ಹತ್ತಿರ ಹಳದಿ ಸಣ್ಣ ದೀಪ ಹಾಕಿಸಿದೆ, ಒಂಬತ್ತಕ್ಕೆ ಆರುತ್ತದೆ. ದೀಪ ಬದಲಿಸಿದ ಎರಡನೇ ವರ್ಷದ ಮೇ ಕೊನೆಗೆ, ಮೊದಲ ಮಳೆಯ ಹೊತ್ತಿಗೆ, ಕೋರೆಯ ಸುತ್ತ ಮಿಂಚುಹುಳ ತುಂಬಿಕೊಂಡಿತು. ಲೈಟು ತೆಗೆದದ್ದಕ್ಕೆ ಜಗಳ ಮಾಡಿದವರೇ ಮಕ್ಕಳನ್ನು ಕರೆದುಕೊಂಡು ಬಂದರು.

ಹುಲ್ಲು ಕೊಚ್ಚುವ ದಿನಾಂಕವೇ ನನ್ನ ಪ್ರಕಾರ ಇಡೀ ಕೆಲಸದ ಬೀಗದಕೈ. ಮೊದಲು ಆಗಸ್ಟ್‌ನಲ್ಲಿ ಬ್ರಷ್ ಕಟರ್ ಓಡುತ್ತಿತ್ತು. ಈಗ ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮರಿಯಮ್ಮನ ಹುಟ್ಟುಹಬ್ಬ) ಮುಗಿಯುವವರೆಗೆ ಒಂದು ಕಡ್ಡಿಯನ್ನೂ ಮುಟ್ಟುವುದಿಲ್ಲ. ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳಿಗೆ ಹೂವು ಬೇಕು. ಮುರಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಆಗಲೇ ಕೀಟ ಹಿಡಿಯುವ ಗಿಡದ ಸಣ್ಣ ನೀಲಿ ಹೂವು, ಬದಿಯಲ್ಲಿ ಗೌರಿಹೂವು. ಗೌರಿಹೂವಿನ ಗೆಡ್ಡೆ ವಿಷ, ಮಕ್ಕಳಿಗೆ ಹೇಳಿಯೇ ಬಿಡಬೇಕು. ಸ್ಮಶಾನದ ಗೇಟು ದಾಟಲು ಹೆದರುತ್ತಿದ್ದ ಮಕ್ಕಳು ಈಗ ಬುಟ್ಟಿ ಹಿಡಿದು ಒಳಗೆ ಓಡುತ್ತಾರೆ. ಬೀಜ ಉದುರಿದ ಮೇಲೆ, ಅಕ್ಟೋಬರ್ ಕೊನೆಗೆ, ಒಂದೇ ಕಟಾವು. ನವೆಂಬರ್ 2ಕ್ಕೆ ಎಲ್ಲರ ಸಮಾಧಿಯೂ ಕಾಣುತ್ತದೆ.

ಗ್ರಾನೈಟಿನ ವಿಷಯದಲ್ಲಿ ನಾನು ಪೂರ್ತಿ ಗೆಲ್ಲಲಿಲ್ಲ. ಹೊಸ ಸಮಾಧಿಗೆ ಎರಡು ಮಳೆ ಕಳೆಯುವವರೆಗೆ ಕಲ್ಲು ಹಾಕಬಾರದು, ಮಣ್ಣು ಕೂರಬೇಕು ಎಂಬುದು ಮಾತ್ರ ನಿಯಮವಾಯಿತು. ಆ ಎರಡು ವರ್ಷದಲ್ಲಿ ಕೆಲವರು ಮಣ್ಣಿನ ಮೇಲೆ ಬಂದ ಹಸಿರು ನೋಡಿ ಕಲ್ಲಿನ ಯೋಚನೆ ಬಿಟ್ಟರು. ದೊಡ್ಡ ಮರವನ್ನು ಮಾತ್ರ ಸಮಾಧಿಯಿಂದ ಹನ್ನೆರಡು ಅಡಿ ಒಳಗೆ ಬಿಡಬೇಡಿ. ಗೋಳಿಯ ಸಸಿ ಸಂದಿಯಲ್ಲಿ ಕಂಡರೆ ಅದೇ ದಿನ ಕಿತ್ತುಬಿಡಿ.

ದುಡ್ಡಿನ ಲೆಕ್ಕ ಬಾಯಿಗೆ ಬಂದಷ್ಟು ಹೇಳುತ್ತೇನೆ. ಆರು ವರ್ಷಕ್ಕೆ ಆರೂವರೆ ಲಕ್ಷ. ಇಗರ್ಜಿಯ ನಿಧಿಯಿಂದ ಎರಡು, ಗಲ್ಫಿನಲ್ಲಿರುವವರು ಸೇರಿಸಿದ್ದು ಎರಡು, ಅಕೇಶಿಯ ಮಾರಿದ್ದರಿಂದ ಒಂದು ಲಕ್ಷದ ಎಂಬತ್ತು ಸಾವಿರದ ಹತ್ತಿರ. ಉಳಿದ 70 ಸಾವಿರ ನನ್ನದು. ಮೊದಲ ವರ್ಷ ಸತ್ತ ಸಸಿಗಳ ಲೆಕ್ಕಕ್ಕೆ ಸರಿ ಎಂದು ನಾನೇ ಹಾಕಿದೆ. ಈಗ ವರ್ಷಕ್ಕೆ ಇಬ್ಬರು ಆಳುಗಳ ಹನ್ನೆರಡು ದಿನದ ಕೆಲಸ ಬಿಟ್ಟರೆ ಖರ್ಚಿಲ್ಲ.

ಇದೇ ಕೆಲಸಕ್ಕೆ ಇಳಿಯುವವರು ಯಾರಾದರೂ ಇದ್ದರೆ, ಹೆಬ್ಬಲಸಿನ ಬೀಜ ಮೇ ಕೊನೆಗೆ ನಮ್ಮಲ್ಲಿ ಸಿಗುತ್ತದೆ, ದುಡ್ಡು ಬೇಡ. ಗೋಣಿ ಚೀಲ ತನ್ನಿ, ಪ್ಲಾಸ್ಟಿಕ್ ಬೇಡ. ತೆಗೆದುಕೊಂಡು ಹೋದ ಮೂರು ದಿನದೊಳಗೆ ನೆಲಕ್ಕೆ ಹಾಕಿ, ಒಣಗಿದರೆ ಮೊಳೆಯುವುದಿಲ್ಲ.