ಅಳಗುಳಿ ಮಣೆಯಿಂದ ಶುರು ಮಾಡಿ: ಮೊದಲ ವಿಡಿಯೊ ಗೇಮ್ ಕಟ್ಟುವುದು ಹೇಗೆ?

ಗೇಮ್ ಮಾಡಬೇಕು ಅಂತ ಹೊರಡುವವರ ತಲೆಯಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಲೋಕವೇ ಇರುತ್ತದೆ. ಕಾಡು, ಕೋಟೆ, ನೂರು ಜನ ಒಟ್ಟಿಗೆ ಆಡುವ ಯುದ್ಧ. ನಾನೂ ಹಾಗೇ ಶುರು ಮಾಡಿದ್ದೆ. ಒಂದು ವರ್ಷ ಕಳೆದರೂ ಕೋಟೆಯ ಬಾಗಿಲು ದಾಟಲಿಲ್ಲ, ಆಟ ಅಲ್ಲಿಗೇ ನಿಂತಿತು. ಆಮೇಲೆ ಮೂರೇ ವಾರದಲ್ಲಿ ಒಂದು ಚಿಕ್ಕ ಆಟ ಮುಗಿಸಿದೆ. ಜನ ಅದನ್ನು ಆಡಿದರು. ನನಗೆ ಗೊತ್ತಿರುವ ಕೆಲಸದ ಬಹುಪಾಲು ಕಲಿತದ್ದು ಆ ಮೂರು ವಾರಗಳಲ್ಲಿ.

‘ಸ್ಟಾರ್ಡ್ಯೂ ವ್ಯಾಲಿ’ ಎಂಬ ಜನಪ್ರಿಯ ಗೇಮನ್ನು ಎರಿಕ್ ಬರೋನ್ ಒಬ್ಬರೇ ಮಾಡಿದ್ದಲ್ವಾ ಎಂದು ಕೇಳುವವರಿದ್ದಾರೆ. ನಿಜ. ಆದರೆ 2016ರಲ್ಲಿ ಅದು ಹೊರಬರುವ ಮೊದಲು ಅವರು ನಾಲ್ಕು ವರ್ಷಕ್ಕೂ ಜಾಸ್ತಿ ಅದರಲ್ಲೇ ಮುಳುಗಿದ್ದರು. ನಿಮ್ಮ ಮೊದಲ ಆಟಕ್ಕೆ ಒಂದು ತಿಂಗಳು ಸಾಕು. ಅದಕ್ಕೆ ನಾನು ಸೂಚಿಸುವುದು ನಮ್ಮ ಅಳಗುಳಿ ಮಣೆ. ನಿಯಮ ಮನೆಯಲ್ಲೇ ಯಾರಿಗಾದರೂ ಗೊತ್ತಿರುತ್ತದೆ. ಓಡುವ, ಜಿಗಿಯುವ ಪಾತ್ರಗಳ ಚಿತ್ರ ಬರೆಯುವ ಕಷ್ಟವೂ ಇಲ್ಲ.

ಸಾಧನ

‘ಗೊಡಾಟ್’ ಎಂಬ ಗೇಮ್ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ, ಇಳಿಸಿಕೊಳ್ಳಿ. ಪೂರ್ತಿ ಉಚಿತ. 2014ರಿಂದ ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ನಿಮ್ಮ ಆಟ ಎಷ್ಟೇ ದುಡಿದರೂ ಗೊಡಾಟ್ ಮಾಡಿದವರಿಗೆ ಪಾಲು ಕೊಡಬೇಕಿಲ್ಲ. ಇನ್‌ಸ್ಟಾಲ್ ಮಾಡುವ ಗೋಜೂ ಇಲ್ಲ, ಫೈಲ್ ತೆರೆದರೆ ಸಾಕು. ಹೊಸ ಪ್ರಾಜೆಕ್ಟ್ ಮಾಡುವಾಗ ರೆಂಡರರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಯಾವುದು ಎಂದು ಕೇಳುತ್ತದೆ. ‘ಕಂಪ್ಯಾಟಿಬಿಲಿಟಿ’ ಆರಿಸಿ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಬ್ರೌಸರ್‌ನಲ್ಲಿ ಆಟ ಹಾಕಲೂ ಅದೇ ಬೇಕು.

ಮೊದಲ ಎರಡು ಮೂರು ಸಂಜೆ ಅವರದೇ ಕೈಪಿಡಿಯಲ್ಲಿರುವ ‘ನಿಮ್ಮ ಮೊದಲ 2ಡಿ ಗೇಮ್’ ಪಾಠ ಮಾಡಿ. ಅದಾದ ಮೇಲೆ ಪಾಠದ ವಿಡಿಯೊಗಳನ್ನು ನಿಲ್ಲಿಸಿಬಿಡಿ. ಒಂದಾದ ಮೇಲೊಂದು ನೋಡುತ್ತಾ ಹೋದರೆ ಕಲಿಯುತ್ತಿದ್ದೇವೆ ಅನಿಸುತ್ತದೆ, ಕೈ ಮಾತ್ರ ಪಳಗುವುದಿಲ್ಲ.

ಮಣೆಯನ್ನು ಕೋಡ್ ಮಾಡುವುದು

ಮೊದಲು ನಿಜವಾದ ಮಣೆ ಮುಂದಿಟ್ಟುಕೊಂಡು ಅಜ್ಜಿಯ ಜೊತೆ ನಾಲ್ಕು ಆಟ ಆಡಿ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಳಿ ಬರೆದರೂ ಆಯ್ತು. ಅವರು ಹೇಳುವ ನಿಯಮವನ್ನು ಕಾಗದದಲ್ಲಿ ಬರೆದುಕೊಳ್ಳಿ. ಊರಿಂದ ಊರಿಗೆ ನಿಯಮ ಬೇರೆಯಾಗುತ್ತದೆ. ನಾನು ಕಲಿತದ್ದು ಹೀಗೆ: ಎರಡು ಸಾಲು, ಒಂದೊಂದರಲ್ಲಿ 7 ಗುಳಿ, ಗುಳಿಗೆ 4 ಕಾಳು. ನಿಮ್ಮ ಒಂದು ಗುಳಿಯ ಕಾಳೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಕಾಳಿದ್ದರೆ ಅದನ್ನೆತ್ತಿ ಮುಂದುವರಿಸಬೇಕು. ಆ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯ ಕಾಳು ನಿಮ್ಮದು, ಸರದಿ ಮುಗಿಯಿತು.

ಕಂಪ್ಯೂಟರ್‌ಗೆ ಈ ಮಣೆ ಎಂದರೆ 14 ಅಂಕಿಗಳ ಒಂದು ಪಟ್ಟಿ ಅಷ್ಟೇ. ಕೋಡ್ ಬರೆಯುವವರು ಇದನ್ನು ಅರೇ ಎನ್ನುತ್ತಾರೆ. ಲೆಕ್ಕ 0ಯಿಂದ ಶುರುವಾಗುತ್ತದೆ. 0ಯಿಂದ 6 ನಿಮ್ಮ ಗುಳಿಗಳು, 7ರಿಂದ 13 ಎದುರಾಳಿಯವು. ಹದಿಮೂರನೇ ಅಂಕಿಯ ಗುಳಿ ದಾಟಿದ ಕಾಳು ಮತ್ತೆ 0ಗೆ ಬರಬೇಕಲ್ವಾ? ಗುಳಿಯ ಅಂಕಿಗೆ 1 ಕೂಡಿಸಿ, 14ರಿಂದ ಭಾಗಿಸಿ, ಉಳಿದ ಶೇಷ ತೆಗೆದುಕೊಳ್ಳಿ. 13ಕ್ಕೆ 1 ಕೂಡಿದರೆ 14, ಶೇಷ 0. ಇಡೀ ಮಣೆ ಸುತ್ತುವುದು ಈ ಒಂದು ಸಾಲಿನಿಂದ.

ಚಿತ್ರ, ಬಣ್ಣ ಯಾವುದೂ ಬೇಡ ಈಗ. 14 ಬಟನ್ ಇಟ್ಟು, ಪ್ರತಿಯೊಂದರ ಮೇಲೆ ಕಾಳಿನ ಸಂಖ್ಯೆ ಕಾಣಿಸಿ. ಒತ್ತಿದರೆ ಕಾಳು ಹಂಚಬೇಕು. ಇಲ್ಲಿ ಒಂದು ಪರೀಕ್ಷೆ ಸೇರಿಸಿಕೊಳ್ಳಿ, ತುಂಬಾ ಉಪಕಾರಕ್ಕೆ ಬರುತ್ತದೆ. ಮಣೆಯ ಮೇಲಿರುವ ಕಾಳು ಮತ್ತು ಇಬ್ಬರೂ ಗೆದ್ದ ಕಾಳು ಸೇರಿದರೆ ಯಾವಾಗಲೂ 56 ಇರಲೇಬೇಕು. ಪ್ರತಿ ಸರದಿ ಮುಗಿದ ಮೇಲೆ ಎಣಿಸಿ. 55 ಬಂದರೆ ಎಲ್ಲೋ ತಪ್ಪಾಗಿದೆ, ಆ ಸರದಿಯಲ್ಲೇ ಹುಡುಕಿ.

ಎದುರಾಳಿಯಾಗಿ ಮೊದಲು ಸುಮ್ನೆ ಯಾವುದೋ ಒಂದು ಗುಳಿ ಆರಿಸುವ ಕಂಪ್ಯೂಟರ್ ಸಾಕು. ಅದು ಸರಿಯಾದ ಮೇಲೆ, ತನ್ನ ಏಳೂ ಗುಳಿಗಳನ್ನು ಮಣೆಯ ಒಂದು ನಕಲಿನ ಮೇಲೆ ಆಡಿ ನೋಡಿ, ಜಾಸ್ತಿ ಕಾಳು ಸಿಗುವುದನ್ನು ಆರಿಸುವಂತೆ ಮಾಡಿ. ಇಷ್ಟಕ್ಕೇ ಅದು ಚೆನ್ನಾಗಿ ಆಡತೊಡಗುತ್ತದೆ.

ಆಟಕ್ಕೆ ಜೀವ

ಈಗ ಆಟ ನಡೆಯುತ್ತದೆ, ಆದರೆ ಆಡಿದಂತೆ ಅನಿಸುವುದಿಲ್ಲ. ಒತ್ತಿದ ಕ್ಷಣವೇ ಎಲ್ಲ ಅಂಕಿ ಬದಲಾಗಿಬಿಡುತ್ತವೆ. ಒಂದು ಕಾಳಿಗೂ ಮುಂದಿನದಕ್ಕೂ ನಡುವೆ 0.2 ಸೆಕೆಂಡು ಬಿಡಿ. ಕಣ್ಣು ಕಾಳಿನ ಹಿಂದೆ ಹೋಗುತ್ತದೆ. ಇನ್ನು ಸದ್ದು. ನಿಮ್ಮ ಫೋನಿನಲ್ಲೇ ರೆಕಾರ್ಡ್ ಮಾಡಿ: ಹುಣಸೆ ಬೀಜ ಮರದ ಗುಳಿಗೆ ಬೀಳುವ ಟಕ್ ಸದ್ದು, ನಾಲ್ಕೈದು ಬೇರೆ ಬೇರೆ ಸಲ. ಪ್ರತಿ ಕಾಳಿಗೂ ಅವುಗಳಲ್ಲಿ ಒಂದನ್ನು ನುಡಿಸಿ. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಯಂತ್ರದಂತೆ ಕೇಳುತ್ತದೆ. ಮಣೆಯನ್ನು ಹಗಲು ಬೆಳಕಿನಲ್ಲಿ ಮೇಲಿನಿಂದ ಫೋಟೊ ತೆಗೆದರೆ ಹಿನ್ನೆಲೆ ಚಿತ್ರವೂ ಸಿದ್ಧ. ಬೇರೇನಾದರೂ ಬೇಕಿದ್ದರೆ ‘ಕೆನ್ನಿ’ ತಾಣದಲ್ಲಿ ಯಾರು ಬೇಕಾದರೂ ಬಳಸಬಹುದಾದ ಚಿತ್ರ, ಸದ್ದುಗಳಿವೆ.

ಆಟದೊಳಗಿನ ಮಾತೆಲ್ಲ ಕನ್ನಡದಲ್ಲಿರಲಿ ಎಂಬುದು ನನ್ನ ಆಸೆ. ಗೊಡಾಟ್ 4ರಲ್ಲಿ ಒತ್ತಕ್ಷರ ಸರಿಯಾಗಿ ಮೂಡುತ್ತದೆ, ಹಿಂದಿನ 3ರಲ್ಲಿ ಒಡೆಯುತ್ತಿತ್ತು. ಆದರೆ ಒಂದು ಎಚ್ಚರ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಕಾಣುವುದು ಅದರಲ್ಲಿ ಮೊದಲೇ ಇರುವ ಫಾಂಟ್‌ನಿಂದ. ಬ್ರೌಸರ್‌ಗೆ ಹಾಕಿದಾಗ ಆ ಫಾಂಟ್ ಸಿಗದೆ ಖಾಲಿ ಚೌಕಗಳು ಬರುತ್ತವೆ. ‘ನೋಟೊ ಸಾನ್ಸ್ ಕನ್ನಡ’ದಂಥ ಉಚಿತ ಫಾಂಟ್ ಒಂದನ್ನು ಪ್ರಾಜೆಕ್ಟ್‌ಗೇ ಸೇರಿಸಿಬಿಡಿ.

ಬೇರೆಯವರ ಕೈಗೆ

ಆಟ ಚೆನ್ನಾಗಿದೆಯಾ ಎಂದು ಯಾರನ್ನೂ ಕೇಳಬೇಡಿ, ಬೇಜಾರಾಗದಿರಲಿ ಅಂತ ಚೆನ್ನಾಗಿದೆ ಎನ್ನುತ್ತಾರೆ. ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು ನೋಡಿ. ನನ್ನ ಚಿಕ್ಕಮ್ಮ ಎದುರಾಳಿಯ ಗುಳಿಯನ್ನೇ ಐದು ಸಲ ಒತ್ತಿದರು. ತಮ್ಮ ಸಾಲು ಯಾವುದು ಎಂದು ಪರದೆಯ ಮೇಲೆ ಎಲ್ಲೂ ಇರಲಿಲ್ಲ. ಆ ತಪ್ಪು ಅವರದ್ದಲ್ಲ. ಅಂದು ರಾತ್ರಿಯೇ ಅವರ ಸಾಲಿಗೆ ಬೇರೆ ಬಣ್ಣ ಕೊಟ್ಟೆ.

ಬಿಡುಗಡೆಗೆ ‘ಇಚ್ ಡಾಟ್ ಐಒ’ (itch.io) ಎಂಬ ಆಟ ಹಂಚುವ ತಾಣ ಸುಲಭ. ಶುಲ್ಕ ಇಲ್ಲ. ಗೊಡಾಟ್‌ನಿಂದ ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿ, ಮುಖ್ಯ ಫೈಲಿಗೆ ‘index.html’ ಎಂದು ಹೆಸರಿಟ್ಟು, ಎಲ್ಲವನ್ನೂ ಜಿಪ್ ಮಾಡಿ ಹಾಕಿ. ಬ್ರೌಸರ್‌ನಲ್ಲೇ ಆಡುವ ಆಯ್ಕೆಗೆ ಟಿಕ್ ಹಾಕುವುದನ್ನು ಮರೆಯಬೇಡಿ.

ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್ ಕಟ್ಟಬೇಕು. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಗೆಳೆಯರ ಪಟ್ಟಿಯನ್ನು ಈಗಲೇ ಮಾಡಿಟ್ಟುಕೊಳ್ಳಿ. ಕಂಪ್ಯೂಟರ್ ಆಟ ಮಾರುವ ‘ಸ್ಟೀಮ್’ ತಾಣದಲ್ಲಿ ಒಂದೊಂದು ಆಟಕ್ಕೂ 100 ಡಾಲರ್, ಮಾರಾಟ 1000 ಡಾಲರ್ ಮುಟ್ಟಿದರೆ ಅದು ವಾಪಸ್ ಬರುತ್ತದೆ. ಮೊದಲ ಆಟಕ್ಕೆ ಆ ಖರ್ಚು ಬೇಡ ಎಂಬುದು ನನ್ನ ಅಭಿಪ್ರಾಯ.

ಕೊಂಡಿಯನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ. ‘ನಮ್ಮೂರಲ್ಲಿ ಹೀಗೆ ಆಡಲ್ಲ, ಗುಳಿಗೆ ಐದು ಕಾಳು’ ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಆ ನಿಯಮವನ್ನು ಕೇಳಿ ತಿಳಿದುಕೊಂಡು ಎರಡನೇ ಆಯ್ಕೆಯಾಗಿ ಸೇರಿಸಿ. 56 ಇದ್ದ ಜಾಗದಲ್ಲಿ ಈಗ 70 ಬರಬೇಕು.